ಬಾಯಿ ಕೊರೆದ ಫೈಬರ್ ಡಬ್ಬ

ಗುಬ್ಬಿಯ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿದ್ದೇನೆ, ಬೀದಿಯ ಡಬ್ಬಗಳ ಬೀಗವನ್ನೂ ತೆಗೆದಿದ್ದೇನೆ. ಡಬ್ಬದ ಮೇಲೆ ಬರೆದ ವೇಳೆಗಿಂತ ಒಂದು ನಿಮಿಷ ಮೊದಲು ತೆಗೆದರೂ ತಪ್ಪೇ. ಕಾಗದವನ್ನು ಯಾರ ಕೈಗೂ ಕೊಡಬಾರದು, ತಾವೇ ಹೋಗಿ ಕೆಂಪು ಡಬ್ಬಕ್ಕೆ ಹಾಕಬೇಕು ಎಂದು ಮನೆಯವರಿಗೆಲ್ಲ ಕಲಿಸಿದವನು ನಾನೇ.

ತುಮಕೂರಿನ ಸದಾಶಿವನಗರದಲ್ಲಿರುವ ನನ್ನ ತಂಗಿ ಅದನ್ನು ಹಾಗೇ ಪಾಲಿಸಿದಳು. ಅವಳ ಮಗಳ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಮೊದಲ ಲಗ್ನಪತ್ರಿಕೆ ಯಡಿಯೂರು ಸಿದ್ಧಲಿಂಗೇಶ್ವರನಿಗೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಅಂಚೆಗೆ ಹಾಕುತ್ತೇವೆ. ಅಲ್ಲಿಂದ ವಿಭೂತಿ ಬಂದ ಮೇಲೆಯೇ ಉಳಿದವು ಹೊರಡುವುದು. ಹತ್ತು ದಿನವಾದರೂ ವಿಭೂತಿ ಬರಲಿಲ್ಲ. ಪತ್ರಿಕೆಗಳ ಕಟ್ಟು ದೇವರ ಗೂಡಿನಲ್ಲೇ ಇತ್ತು. ಮದುವೆಗೆ ಎರಡೇ ವಾರ. ಬೀಗರು ಎರಡು ಸಲ ಫೋನ್ ಮಾಡಿ, ಯಾಕೆ ಇನ್ನೂ ಹಂಚಿಲ್ಲ ಎಂದು ಕೇಳಿದ್ದರು.

"ಯಾವ ಡಬ್ಬಕ್ಕೆ ಹಾಕ್ದೆ?" ಅವಳ ಮನೆಗೆ ಹೋಗಿ ಕೇಳಿದೆ.

"ಇಲ್ಲೇ ಅಣ್ಣ, ಹೊಸ ಕಾಫಿ ಅಂಗಡಿ ಮುಂದೆ. ಕೆಂಪಗೆ ದೊಡ್ಡದಾಗಿ ನಿಂತಿದ್ಯಲ್ಲ."

ಹೋಗಿ ನೋಡಿದೆ. ಇಂಗ್ಲೆಂಡಿನ ಬೀದಿಗಳಲ್ಲಿರುವಂಥ ದುಂಡನೆಯ ಅಂಚೆ ಡಬ್ಬ, ಎದೆಯ ಮೇಲೆ ಕಿರೀಟ. ಪಕ್ಕದಲ್ಲಿ ಅವರದೇ ಮಾದರಿಯ ಕೆಂಪು ಟೆಲಿಫೋನ್ ಪೆಟ್ಟಿಗೆ. ಒಳಗೆ ಒಬ್ಬಳು ರಿಸೀವರ್ ಕಿವಿಗಿಟ್ಟು ತುಟಿ ಚೂಪು ಮಾಡಿ ನಿಂತಿದ್ದಳು, ಹೊರಗೆ ಗೆಳತಿ ಫೋಟೊ ತೆಗೆಯುತ್ತಿದ್ದಳು. ರಿಸೀವರಿನ ತಂತಿ ಯಾವುದಕ್ಕೂ ಸೇರಿರಲಿಲ್ಲ. ಅವಳ ಕಾಲ ಹಿಂದೆ ನೆಲ ಒರೆಸುವ ಒದ್ದೆ ಬಟ್ಟೆ, ಫಿನಾಯಿಲ್ ಬಾಟಲಿ. ಗಾಜಿನ ಮೇಲೆ ಯಾರೋ ಉಗಿದ ಗುಟ್ಕಾ ಒಣಗಿತ್ತು. ತಮ್ಮ ಊರಿನಲ್ಲಿ ಇವು ಮಳೆ ಚಳಿಯಲ್ಲಿ ನಿಂತು ಜನರ ಕೆಲಸ ಮಾಡಿದ ಡಬ್ಬಗಳು. ಇಲ್ಲಿ ಬಣ್ಣ ಬಳಿದುಕೊಂಡ ಸೋಮಾರಿಗಳು. ಬೀಗ ತೆಗೆಯುವ ವೇಳೆ ಬರೆದಿರಬೇಕಾದ ಜಾಗದಲ್ಲಿ ಕೇಕಿನ ಚಿತ್ರ ಅಂಟಿಸಿದ್ದರು.

ಮ್ಯಾನೇಜರನ್ನು ಕರೆದೆ.

"ಅದು ಶೋಗೆ ಸಾರ್. ಫೈಬರ್ದು."

"ಶೋಗೆ ಅಂದ್ಮೇಲೆ ಬಾಯಿ ಯಾಕ್ರೀ ಕೊರ್ಸಿದೀರಿ?"

"ಡಿಸೈನ್ ಸಾರ್. ಈಗಿನ್ ಕಾಲ್ದಲ್ಲಿ ಕಾಗ್ದ ಯಾರ್ ಹಾಕ್ತಾರೆ, ಬುಡಿ."

"ನನ್ ತಂಗಿ ಹಾಕವ್ಳೆ. ಮಗುಚ್ರಿ ಅದನ್ನ."

ಅಂಗಡಿಯ ಹುಡುಗರಿಬ್ಬರು ಸೇರಿ ಮಗುಚಿದರು. ತಳವೇ ಇರಲಿಲ್ಲ. ಐಸ್‌ಕ್ರೀಂ ಲೋಟಗಳು, ಮೂಗು ಒರೆಸಿದ ಕಾಗದ, ಅರ್ಧ ತಿಂದು ಬೂಸ್ಟು ಹಿಡಿದ ಪಫ್ಸು, ಜಿರಳೆಗಳು. ಹುಳಿ ನಾತ ಬೀದಿಗೆಲ್ಲ ಹರಡಿತು. ಆ ಕೊಚ್ಚೆಯೊಳಗೆ ನಾಲ್ಕು ಕಾಗದಗಳಿದ್ದವು. ಒಂದರ ಮೂಲೆಗಳಲ್ಲಿ ಅರಿಶಿನ. ಸ್ವಾಮಿಯ ವಿಳಾಸದ ಮೇಲೆ ಯಾರದೋ ಎಂಜಲು ಹಾಲು ಹೆಪ್ಪುಗಟ್ಟಿತ್ತು.

ಮ್ಯಾನೇಜರ್ ಮೂಗು ಮುಚ್ಚಿಕೊಂಡ. ಅವನದೇ ಡಬ್ಬ, ಮೂಗು ಮಾತ್ರ ನಾಜೂಕು.

ಉಳಿದ ಮೂರು ಕಾಗದಗಳನ್ನು ಒರೆಸಿ, ದೊಡ್ಡ ಅಂಚೆ ಕಚೇರಿಗೆ ನಡೆದು ಹೋಗಿ ಹಾಕಿದೆ. ನಾಲ್ಕನೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂಗಿಗೆ ತೋರಿಸಿದೆ. ಅವಳು ಮುಟ್ಟಲಿಲ್ಲ.

"ಎಂಜಲಾಗೋಗಿದೆ. ಇದನ್ನ ಸ್ವಾಮಿಗೆ ಕೊಡಕ್ಕಾಗುತ್ತಾ ಅಣ್ಣ?" ಎಂದಳು. ಆಮೇಲೆ, "ಕೆಂಪು ಡಬ್ಬಕ್ಕೆ ಹಾಕು ಅಂದೋನು ನೀನೇ," ಎಂದಳು. ನಾಳೆ ನಾವೇ ಯಡಿಯೂರಿಗೆ ಹೋಗೋಣ ಎಂದೆ.

ಮರುದಿನ ಮೊದಲ ಬಸ್ಸಿಗೆ ಹೊರಟೆವು. ಯಡಿಯೂರಿನಲ್ಲಿ ಹೊಸ ಪತ್ರಿಕೆಯನ್ನು ಗದ್ದುಗೆಯ ಮುಂದಿಟ್ಟು ವಿಭೂತಿ ಪಡೆದದ್ದಾಯಿತು. ವಿಳಾಸ ಬರೆದ ಉಳಿದ ಪತ್ರಿಕೆಗಳನ್ನು ತಂಗಿ ಚೀಲದಲ್ಲೇ ತಂದಿದ್ದಳು. ಇನ್ನು ಒಂದು ದಿನವೂ ಕಾಯುವಂತಿರಲಿಲ್ಲ. ಕುಣಿಗಲ್‌ನಲ್ಲಿ ಬಸ್ಸಿಳಿದು ಅಂಚೆ ಡಬ್ಬದ ಬಳಿ ಕರೆದುಕೊಂಡು ಹೋದೆ. ಅವಳು ಬೆರಳ ಗೆಣ್ಣಿನಿಂದ ಡಬ್ಬವನ್ನು ಕುಟ್ಟಿ ನೋಡಿದಳು. ಕಬ್ಬಿಣದ ಸದ್ದು ಬಂತು. ಬೀಗವನ್ನು ಎಳೆದು ನೋಡಿ, ವೇಳೆಯನ್ನು ಓದಿ, ಒಂದೊಂದಾಗಿ ಪತ್ರಿಕೆಗಳನ್ನು ಹಾಕಿದಳು.

"ಬಾ, ತುಮಕೂರು ಬಸ್ ಬಂತು," ಎಂದೆ.

"ಹೋಗ್ಲಿ ಬುಡು. ಬೀಗ ತೆಗೆಯೋರು ಬರ್ಲಿ, ನೋಡ್ಕೊಂಡೇ ಬರ್ತೀನಿ."

ಡಬ್ಬದ ಮೇಲಿನ ವೇಳೆಗೆ ಇನ್ನೂ ಒಂದೂಕಾಲು ಗಂಟೆ ಇತ್ತು. ಪಕ್ಕದಲ್ಲಿ ನಿಂತೆ.