ದೊಡ್ಡಪ್ಪನ ಮುಂದಿನ ನಾಲ್ಕು ಹಲ್ಲು

ನಮ್ಮ ದೊಡ್ಡಪ್ಪ ಬಡಗಿ. ಮೂವತ್ತು ವರ್ಷ ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಕೆಲಸ ಮಾಡಿದವರು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಹಲಗೆ, ಮೊಳೆಗೆ ಬಾಯಿಯೇ ಡಬ್ಬಿ. ವಯಸ್ಸು ಐವತ್ತರ ಹತ್ತಿರ ಬಂದಾಗ ಮೇಲಿನ ಮುಂದಿನ ಹಲ್ಲುಗಳ ನಡುವೆ ಸಂದಿ ಬಿತ್ತು. ಮೊದಲು ಅದು ಅನುಕೂಲವೇ ಆಯಿತು. ಸಣ್ಣ ಮೊಳೆ ಆ ಸಂದಿಯಲ್ಲಿ ತಾನಾಗಿಯೇ ನಿಲ್ಲುತ್ತಿತ್ತು. ಮರುವರ್ಷ ಸಂದಿ ಅಗಲವಾಗಿ ಮೊಳೆ ಜಾರತೊಡಗಿತು. ಅವರು ದಪ್ಪ ಮೊಳೆ ಹಿಡಿದರು, ಅಷ್ಟೆ. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ರಕ್ತ ಬರುವುದನ್ನು ಯಾರಿಗೂ ಹೇಳಲಿಲ್ಲ.

"ಊರಿನ ಬಾಗಿಲೆಲ್ಲ ಸರಿ ಮಾಡ್ತಾರೆ, ತಮ್ಮ ಬಾಯಿಗೇ ಕದ ಇಲ್ಲ" ಎಂದು ದೊಡ್ಡಮ್ಮ ನಗುತ್ತಿದ್ದರು. ಊಟ ಮಾಡುವಾಗ ಒಂದು ಹಲ್ಲು ಅಲ್ಲಾಡಿದ್ದನ್ನು ಕಂಡ ದಿನ ನಗಲಿಲ್ಲ. ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರಮ್ಮ ಮೇಲಿನ ಮುಂದಿನ ನಾಲ್ಕೂ ಹಲ್ಲನ್ನು ಒಂದೊಂದಾಗಿ ಬೆರಳಿನಿಂದ ತಳ್ಳಿ ನೋಡಿದರು. ಎಕ್ಸ್‌ರೇ ತೆಗೆಸಿದರು. ವಸಡಿನ ಕಾಯಿಲೆಯಿಂದ ಹಲ್ಲು ಹಿಡಿದಿರುವ ಮೂಳೆ ಅರ್ಧ ಕರಗಿದೆ, ಹಲ್ಲು ಸರಿದಿರುವುದು ಅದಕ್ಕೇ ಎಂದರು.

"ತಂತಿ ಹಾಕಿ ಎಳೆದು ಸಂದಿ ಮುಚ್ಚಿಬಿಡಿ ಮೇಡಂ" ಎಂದರು ದೊಡ್ಡಪ್ಪ.

"ಗೋಡೆ ಉದುರ್ತಾ ಇರುವಾಗ ನೀವು ಚೌಕಟ್ಟು ಕೂರಿಸ್ತೀರಾ ಯಜಮಾನ್ರೇ?"

"ಇಲ್ಲ."

"ನಾನೂ ಇಲ್ಲ. ಮೊದಲು ವಸಡು ವಾಸಿಯಾಗ್ಲಿ. ನಾಲ್ಕು ತಿಂಗಳಲ್ಲಿ ರಕ್ತ ನಿಂತ್ರೆ ತಂತಿ. ಇಲ್ಲಾಂದ್ರೆ ನಾಲ್ಕೂ ಕೀಳ್ಬೇಕು."

ದಾರಿಯಲ್ಲಿ ದೊಡ್ಡಪ್ಪ ಒಂದೇ ಮಾತು ಹೇಳಿದರಂತೆ: "ಕಟ್ಟಿಸಿದ ಹಲ್ಲು ಬೇಡ ಕಣೇ. ನನ್ನವೇ ಇರ್ಲಿ."

ಡಾಕ್ಟರ್ ಇಂಜೆಕ್ಷನ್ ಕೊಟ್ಟು ವಸಡಿನ ಒಳಗೆಲ್ಲ ಕೆರೆದು ಶುಚಿ ಮಾಡಿದರು. ಮನೆಯಲ್ಲಿ ದೊಡ್ಡಪ್ಪ ದಿನಕ್ಕೆ ಎರಡು ಸಲ ಸಣ್ಣ ಬ್ರಷ್ಷನ್ನು ಸಂದಿಗಳಲ್ಲಿ ಆಡಿಸುತ್ತಿದ್ದರು. ಮರಕ್ಕೆ ಪಾಲಿಷ್ ಹಾಕುವಾಗ ಇರುವ ಮುಖವೇ ಆಗಲೂ ಇರುತ್ತಿತ್ತು. ರಕ್ತ ನಿಂತಿತು. ಡಾಕ್ಟರ್ ತೆಳ್ಳನೆಯ ತಂತಿ ಹಾಕಿದರು. ಮೂಳೆ ಕಡಿಮೆ ಇರುವುದರಿಂದ ಮೆಲ್ಲಗೆ ಎಳೆಯಬೇಕು, ಬಾಯಲ್ಲಿ ಮೊಳೆ ಇಡಲೇಬಾರದು ಎಂದರು. ದೊಡ್ಡಮ್ಮ ಸೊಂಟಕ್ಕೆ ಕಟ್ಟಿಕೊಳ್ಳಲು ಮೊಳೆಯ ಚೀಲ ಹೊಲಿದುಕೊಟ್ಟರು.

ತಂತಿ ಹಾಕಿ ಏಳನೇ ತಿಂಗಳು. ಸಂದಿ ಅರ್ಧ ಮುಚ್ಚಿತ್ತು. ಒಂದು ಮನೆಯಲ್ಲಿ ಬೀರುವಿನ ಹಿಂಬದಿಯ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಹಳೇ ಅಭ್ಯಾಸಕ್ಕೆ ಮೊಳೆ ಮೊದಲೇ ಬಾಯಿಗೆ ಹೋಗಿದ್ದು ಅವರಿಗೇ ತಿಳಿದಿರಲಿಲ್ಲ. ಹಲಗೆ ಜಾರಿ ಮೊಳೆಗೆ ಬಡಿಯಿತು. ಎಡಗಡೆಯ ಮುಂದಿನ ಹಲ್ಲು ಬುಡ ಬಿಟ್ಟು ತಂತಿಗೆ ನೇತುಬಿತ್ತು. ನೋವು ಅಷ್ಟೇನೂ ಆಗಲಿಲ್ಲವಂತೆ. ಹಲಗೆ ಕೂರಿಸಿಯೇ ಮನೆಗೆ ಬಂದರು.

"ಒಂದು ಹೋಯ್ತು" ಎಂದರು.

"ಸೊಂಟದ ಚೀಲ ಏನು ಅಲಂಕಾರಕ್ಕಾ ರೀ?" ಎಂದು ಕೇಳಿದ ದೊಡ್ಡಮ್ಮ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದರು.

ಡಾಕ್ಟರ್ ಬೈಯಲಿಲ್ಲ. ಆ ಹಲ್ಲನ್ನು ತೆಗೆದು, ಬೇರು ಕತ್ತರಿಸಿ, ಉಜ್ಜಿ, ಅದೇ ಜಾಗದಲ್ಲಿ ತಂತಿಗೆ ಕಟ್ಟಿದರು. ಕೈಗೆ ಕನ್ನಡಿ ಕೊಟ್ಟರು.

"ಉಳಿದ ಮೂರೂ ಗಟ್ಟಿಯಾಗ್ತಿವೆ. ಇನ್ನೊಂದು ವರ್ಷ ಈ ತಂತಿ. ಆಮೇಲೆ ಹಿಂದಿನಿಂದ ಒಂದು ಸಣ್ಣ ತಂತಿ ಅಂಟಿಸಿ ಎಲ್ಲಾನೂ ಒಟ್ಟಿಗೆ ಕಟ್ತೀನಿ. ಅದು ಕೊನೇವರೆಗೂ ಇರ್ಬೇಕು."

ದೊಡ್ಡಪ್ಪ ನಾಲಿಗೆಯಿಂದ ಆ ಹಲ್ಲನ್ನು ಮುಟ್ಟಿ ನೋಡಿದರು.

"ಮೂರು ನನ್ನವು" ಎಂದರು.

"ನಾಲ್ಕೂ ನಿಮ್ಮವೇ, ಯಜಮಾನ್ರೇ."

ಇಂಜೆಕ್ಷನ್ನಿಗೆ ದೊಡ್ಡಪ್ಪನ ತುಟಿ ಇನ್ನೂ ಮರಗಟ್ಟಿತ್ತು. ಮುಂದಿನ ತಾರೀಕು ಬರೆಸಿಕೊಂಡು, ದೊಡ್ಡಮ್ಮನನ್ನು ಬಸ್ಸು ಹತ್ತಿಸಿ, ಕೆಲಸದ ಮನೆಗೆ ವಾಪಸ್ ಹೋದರು. ಬೀರುವಿಗೆ ಇನ್ನೂ ಬಾಗಿಲು ಕೂರಿಸುವುದಿತ್ತು.