ಪಾರ್ಕಿಂಗ್ ಲಾಟಿನ ಪಂಕ್ತಿ

ಆಗಿನ್ನೂ ಈ ಪರದೇಶದಲ್ಲಿ ವುಡ್‌ಬ್ರಿಡ್ಜ್ ಊರಿನ ಸುತ್ತಲಿನ ನಮ್ಮ ಕನ್ನಡದವರೆಲ್ಲ ಒಂದೇ ಸ್ಕೂಲ್ ಬಸ್ಸಿನಲ್ಲಿ ಹಿಡಿಸುತ್ತಿದ್ದ ಕಾಲ. ನವೆಂಬರಿನ ಒಂದು ಶನಿವಾರ ಹಾಗೆ ನಿಜವಾಗಿಯೂ ನಲವತ್ತಾರು ಜನ ಒಂದು ಹಳದಿ ಬಸ್ಸು ತುಂಬಿದ್ದೆವು. ಮುಂದಿನ ಸೀಟಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡ ತಾತ, ಎಂದರೆ ನನ್ನ ಅಮ್ಮನ ಅಪ್ಪ. ಮೈಸೂರಿನಲ್ಲಿ ರೈಲ್ವೆ ಗಾರ್ಡ್ ಆಗಿದ್ದು ರಿಟೈರ್ ಆದವರು. ಅವರ ಪಕ್ಕದಲ್ಲಿ ಒಂಬತ್ತು ವರ್ಷದ ನಾನು. ನಮ್ಮ ಹಿಂದೆ ಪುಳಿಯೋಗರೆಯ ಪಾತ್ರೆಯನ್ನು ಮಗುವಿನಂತೆ ತಬ್ಬಿ ಕೂತ ಸರೋಜಾ ಆಂಟಿ. ಬಸ್ಸು ಗೊತ್ತುಮಾಡಿದ್ದ ನದೀಮ್ ಅಂಕಲ್, ಅವರೂ ಮೈಸೂರಿನವರೇ, ಡ್ರೈವರ್ ಹಿಂದೆ ನಿಂತು ತಲೆ ಎಣಿಸುತ್ತಿದ್ದರು. ಬಸ್ಸಿಗೆಲ್ಲ ಇಂಗಿನ ಘಮ.

ಹೊರಟಿದ್ದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಕಾಲೇಜ್ ಫುಟ್‌ಬಾಲ್ ನೋಡಲು. ಆಟದ ನಿಯಮ ಗೊತ್ತಿದ್ದವರು ಮೂರೋ ನಾಲ್ಕೋ ಜನ, ಅವರೂ ಮಕ್ಕಳು. ಉಳಿದವರು ಬಂದದ್ದು ನಮ್ಮ ಶ್ರೀಧರ ಚಿಕ್ಕಪ್ಪನ ಸಲುವಾಗಿ.

ಚಿಕ್ಕಪ್ಪ ಆ ಕಾಲೇಜಿನ ಟಿಕೆಟ್ ಆಫೀಸಿನಲ್ಲಿದ್ದರು. ಸ್ಟೇಡಿಯಮ್ಮಿನ ಮೂರು ಕಡೆ ಮಾತ್ರ ಮೆಟ್ಟಿಲುಸಾಲು, ನಾಲ್ಕನೆಯ ಕಡೆ ಹುಲ್ಲಿನ ದಿಬ್ಬ. ನಾವು ಮಕ್ಕಳು ರಟ್ಟಿನ ಮೇಲೆ ಕೂತು ಆ ದಿಬ್ಬದಿಂದ ಜಾರುತ್ತಿದ್ದೆವು, ಪ್ಯಾಂಟಿನ ಹಿಂಬದಿಯೆಲ್ಲ ಹಸಿರಾಗುತ್ತಿತ್ತು. ನದಿಯಾಚೆ ಎದುರಾಳಿ ಕಾಲೇಜು. ಅವರ ಸ್ಟೇಡಿಯಂ ಭಾರೀ ಬೋಗುಣಿಯಂಥದ್ದು, ಸಂಜೆ ಅದರ ದೀಪ ನಮ್ಮ ದಿಬ್ಬಕ್ಕೂ ಕಾಣುತ್ತಿತ್ತು. ದಿಬ್ಬ ತೆಗೆದು ಅಲ್ಲೊಂದು ಹೊಸ ಸ್ಟ್ಯಾಂಡ್ ಕಟ್ಟಬೇಕೆಂದು ನಮ್ಮ ಕಾಲೇಜಿನ ಆಸೆ. ಆದರೆ ಕಟ್ಟಲು ಹಣ ಕೊಡುವವರದೊಂದು ಷರತ್ತಿತ್ತು: ಆ ವರ್ಷದ ಕೊನೆಯ ಪಂದ್ಯಕ್ಕೆ ಹಾಫ್ ಟೈಮ್ ಒಳಗೆ ಸ್ಟೇಡಿಯಂ ತುಂಬಬೇಕು. ತುಂಬದಿದ್ದರೆ ಟಿಕೆಟ್ ಆಫೀಸಿನಲ್ಲೇ ಅರ್ಧ ಜನರನ್ನು ಕೆಲಸದಿಂದ ತೆಗೆಯುತ್ತಾರೆ, ಮೊದಲು ಹೋಗುವವರು ಚಿಕ್ಕಪ್ಪ.

"ಕೆಲಸ ಹೋದ್ರೆ ವೀಸಾನೂ ಹೋಯ್ತು ಅತ್ತಿಗೆ. ಗಂಟುಮೂಟೆ ಕಟ್ಟೋದೇ," ಎಂದು ಅವರು ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ನನ್ನನ್ನು ಕಂಡು ಅಮ್ಮ, "ತಾತಂಗೆ ಹೇಳಿದ್ರೆ ನೋಡು. ಅವರ ಬಿಪಿ ಏರುತ್ತೆ," ಎಂದು ಬೆರಳು ತೋರಿಸಿದ್ದಳು.

ಸೇತುವೆಯ ಮೇಲೆ ಬಸ್ಸು ನಿಂತುಬಿಟ್ಟಿತು. ಅಂದೇ ನದಿಯಾಚೆಯ ಎದುರಾಳಿಗಳಿಗೂ ಅವರ ಸ್ಟೇಡಿಯಮ್ಮಿನಲ್ಲಿ ಬೇರೊಂದು ಪಂದ್ಯವಿತ್ತು. ಅವರ ಬಾವುಟ ಸಿಕ್ಕಿಸಿಕೊಂಡ ಕಾರುಗಳೇ ಕಣ್ಣು ಹಾಯುವವರೆಗೂ. ನಾವು ತಲುಪಿದಾಗ ಆಟದ ಮೊದಲ ಕಾಲುಭಾಗ ಮುಗಿದಿತ್ತು.

ಚಿಕ್ಕಪ್ಪ ಗೇಟಿನಿಂದ ಓಡಿ ಬಂದರು. "ಅತ್ತಿಗೆ, ಇಪ್ಪತ್ತೊಂಬತ್ತು ತಲೆ ಕಮ್ಮಿ. ನೀವು ಬಂದ್ರಲ್ಲ, ಸಾಕು! ನಡೀರಿ ಒಳಗೆ."

"ಅಪ್ಪ ಸಕ್ಕರೆ ಕಾಯಿಲೆ ಮಾತ್ರೆ ತಗೊಂಡು ಮುಕ್ಕಾಲು ಗಂಟೆ ಆಯ್ತು ಕಣೋ. ಊಟ ಮಾಡ್ಲೇಬೇಕು," ಎಂದಳು ಅಮ್ಮ ತಾತನನ್ನು ತೋರಿಸಿ. ಗೇಟಿನೊಳಗೆ ಊಟ ಬಿಡುವುದಿಲ್ಲ. ಒಮ್ಮೆ ಒಳಗೆ ಹೋದರೆ ಹೊರಗೆ ಬಂದು ಮತ್ತೆ ಹೋಗುವಂತಿಲ್ಲ.

"ಹಾಗಂತ ಹಿರೀರನ್ನ ಒಬ್ಬರನ್ನೇ ಕೂರಿಸಿ ಬಡಿಸೋದಾ? ಹತ್ತೇ ನಿಮಿಷ ಶ್ರೀಧರ, ಎಲ್ಲರದ್ದೂ ಆಗೋಗುತ್ತೆ," ಎಂದ ಸರೋಜಾ ಆಂಟಿ ಆಗಲೇ ಜಮಖಾನ ಬಿಚ್ಚಿದ್ದರು. ಚಿಕ್ಕಪ್ಪ ಗಡಿಯಾರ ನೋಡಿಕೊಂಡು ಗೇಟಿಗೆ ಓಡಿದರು.

ಪಾರ್ಕಿಂಗ್ ಲಾಟಿನಲ್ಲಿ ಎರಡು ಸಾಲು ಪಂಕ್ತಿ ಕೂತಿತು. ಪಂಕ್ತಿಯ ಕಟ್ಟಳೆ ನಿಮಗೆ ಗೊತ್ತೇ ಇದೆ: ಹಿರಿಯರು ಕೈ ತೊಳೆಯುವ ತನಕ ಯಾರೂ ಏಳಬಾರದು. ಅಂದಿನ ಪಂಕ್ತಿಗೆ ಹಿರಿಯರು ನಮ್ಮ ತಾತ. ಅವರೋ, ಪುಳಿಯೋಗರೆಯ ಕಡಲೇಕಾಯಿಯನ್ನು ಒಂದೊಂದಾಗಿ ಆರಿಸಿ ಅಗಿಯುವವರು. ತಟ್ಟೆಯಲ್ಲಿ ಒಂದಗುಳು ಬಿಟ್ಟರೂ ನಮ್ಮನ್ನು ಗದರಿಸುವವರು.

ಹತ್ತು ನಿಮಿಷವಾಯಿತು. ಹದಿನೈದಾಯಿತು. ಜಮಖಾನದ ಕೆಳಗಿಂದ ಟಾರಿನ ಚಳಿ ಏರುತ್ತಿತ್ತು. ಎಲ್ಲರ ಊಟವೂ ಮುಗಿದು ಎಂಜಲು ಕೈ ಒಣಗಿತ್ತು. ಒಳಗೆ ಡೋಲು ಬಡಿದಾಗಲೆಲ್ಲ ನಲವತ್ತೈದು ಕುತ್ತಿಗೆಗಳು ಆ ಕಡೆ ತಿರುಗಿ, ಮತ್ತೆ ತಾತನ ತಟ್ಟೆಗೆ ಬರುತ್ತಿದ್ದವು.

"ತಾತಾ, ನಿಮ್ಮ ಗಾಡಿ ಯಾವಾಗ ಬಿಡುತ್ತೆ?" ಎಂದರು ನದೀಮ್ ಅಂಕಲ್, ನಗುತ್ತಲೇ.

"ಹಸಿರು ಬಾವುಟ ಇರೋದು ಗಾರ್ಡ್ ಕೈಲಿ ನದೀಮ್, ಪ್ಯಾಸೆಂಜರ್ ಕೈಲಲ್ಲ. ಸರೋಜಮ್ಮ, ಸ್ವಲ್ಪ ಮೊಸರನ್ನ."

ದಾಳಿಂಬೆ ಉದುರಿಸಿದ ಮೊಸರನ್ನ ತಟ್ಟೆಗೆ ಬಿತ್ತು. ಅಷ್ಟರಲ್ಲಿ ಚಿಕ್ಕಪ್ಪ ಮತ್ತೆ ಓಡಿ ಬಂದರು. ಆ ಚಳಿಯಲ್ಲೂ ಹಣೆಯಲ್ಲಿ ಬೆವರು. ಅಮ್ಮನಿಗೆ ಮಾತ್ರ ಕೇಳುವಂತೆ, "ಇನ್ನು ಮೂರೇ ನಿಮಿಷ," ಎಂದರು. ಆಮೇಲೆ ತಾತನ ಮುಂದೆ ಬಂದು ನಿಂತು ಬಾಯಿ ತೆರೆದರು. ತಾತ ತಲೆಯೆತ್ತಿದರು.

"ನಿಧಾನವಾಗಿ ಊಟ ಮಾಡಿ ಮಾವ," ಎಂದರು ಚಿಕ್ಕಪ್ಪ.

ನನ್ನಿಂದ ತಡೆಯಲಾಗಲಿಲ್ಲ. ತಾತನ ಕಿವಿಗೆ ಬಾಯಿಟ್ಟು, "ತಾತ, ನಾವು ಒಳಗೆ ಹೋಗ್ದಿದ್ರೆ ಚಿಕ್ಕಪ್ಪಂಗೆ ಕೆಲಸ ಇಲ್ಲ. ಅವರು ಊರಿಗೆ ಹೊರಟೋಗ್ತಾರೆ," ಎಂದುಬಿಟ್ಟೆ.

ತಾತನ ಕೈ ನಿಂತಿತು. ನನ್ನ ಮುಖ ನೋಡಿದರು, ಚಿಕ್ಕಪ್ಪನ ಮುಖ ನೋಡಿದರು. ಒಂದು ತುತ್ತೂ ಮುಟ್ಟದ ಆ ಮೊಸರನ್ನದ ಮೇಲೆ ಪೇಪರ್ ತಟ್ಟೆಯನ್ನು ಮೆಲ್ಲಗೆ ಮಡಿಸಿದರು.

"ನನ್ನದಾಯ್ತು. ಹಸಿರು ಬಾವುಟ! ಏಳ್ರಪ್ಪ ಎಲ್ಲ."

ಕೈ ತೊಳೆಯಲೂ ನಿಲ್ಲದೆ ಓಡಿದೆವು. ತಿರುಗುವ ಕಬ್ಬಿಣದ ಗೇಟು ಒಬ್ಬೊಬ್ಬರಿಗೂ ಕಟಕ್ ಕಟಕ್ ಎನ್ನುತ್ತಿತ್ತು. ಕರೆದರೂ ತಾತ ಮುಂದೆ ಬರಲಿಲ್ಲ. "ಗಾರ್ಡ್ ಕೊನೆಗೆ ಹತ್ತಬೇಕು," ಎಂದು ನಿಂತು, ನಲವತ್ತಾರನೆಯವರಾಗಿ ದಾಟಿದರು. ಹಾಫ್ ಟೈಮಿನ ಸೀಟಿ ಕೇಳಿಸಿದ್ದು ಆಮೇಲೆ. ದಿಬ್ಬದ ಮೇಲೆ ಕೂತಾಗ, ಅರ್ಧ ಊಟಕ್ಕೇ ಎದ್ದ ಅವರಿಗೆ ಸಕ್ಕರೆ ಇಳಿದಿತ್ತು. ಚಿಕ್ಕಪ್ಪ ಕಿತ್ತಳೆ ರಸ ತಂದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಸಿದರು. ಸ್ಟೇಡಿಯಂ ತುಂಬಿದೆ ಎಂದು ಮೈಕಿನಲ್ಲಿ ಕೂಗಿದರು. ಆಟದಲ್ಲಿ ನಮ್ಮವರು ಸೋತರು.

ಮರುವರ್ಷ ಬುಲ್ಡೋಜರ್ ಬಂದು ನಮ್ಮ ಜಾರುದಿಬ್ಬವನ್ನು ತೆಗೆದುಕೊಂಡು ಹೋಯಿತು. ಮೈಸೂರಿಗೆ ಮರಳಿದ್ದ ತಾತ ಅದೇ ವರ್ಷ ತೀರಿಕೊಂಡರು, ಸ್ಟ್ಯಾಂಡ್ ನೋಡಲಿಲ್ಲ. ಎದುರಾಳಿಗಳು ತಮ್ಮ ಬೋಗುಣಿಗೆ ಇನ್ನೊಂದು ಅಂತಸ್ತು ಏರಿಸಿದ್ದಾರೆ. ನಮ್ಮದರಲ್ಲಿ ಖಾಲಿ ಸಾಲುಗಳೇ ಹೆಚ್ಚು. ನದೀಮ್ ಅಂಕಲ್ ಟೆಕ್ಸಸ್ ಸೇರಿದರು. ಸರೋಜಾ ಆಂಟಿಯ ಪಾತ್ರೆ ನನ್ನ ಗರಾಜಿನಲ್ಲಿದೆ, ಅಷ್ಟು ಅನ್ನ ಕಲಸುವ ಸಂದರ್ಭ ಮಾತ್ರ ಬಂದಿಲ್ಲ. ನಮ್ಮವರು ಈಗ ನೂರು ಬಸ್ಸಿಗಾಗುವಷ್ಟಿದ್ದೇವೆ. ಬರುವುದು ಅವರವರ ಕಾರಿನಲ್ಲಿ, ಏಳುವುದು ಅವರವರ ಊಟ ಮುಗಿದಾಗ.

ಹೋದ ನವೆಂಬರಿನಲ್ಲಿ ಚಿಕ್ಕಪ್ಪನನ್ನೂ ನನ್ನ ಆರು ವರ್ಷದ ಮಗಳನ್ನೂ ಕರೆದುಕೊಂಡು ಪಂದ್ಯಕ್ಕೆ ಹೋಗಿದ್ದೆ. ಚಿಕ್ಕಪ್ಪನಿಗೀಗ ಕಟ್ಟಿಸಿದ ಹಲ್ಲು. ಹಾಫ್ ಟೈಮಿಗೆ ಕೊಂಡ ಪ್ರೆಟ್ಜೆಲ್ ಬ್ರೆಡ್ಡನ್ನು ಚೂರುಚೂರೇ ಮುರಿದು ತಿನ್ನುತ್ತಿದ್ದರು. ಮಗಳು ತನ್ನದು ಮುಗಿಸಿ ಎದ್ದು, "ಅಮ್ಮಾ, ಲೆಟ್ಸ್ ಗೋ!" ಎಂದು ಕುಣಿದಳು.

ಚಿಕ್ಕಪ್ಪ ಉಳಿದ ಅರ್ಧದ ಮೇಲೆ ಕಾಗದ ಮಡಿಸುತ್ತಾ, "ನನ್ನದಾಯ್ತು ಪುಟ್ಟಿ, ನಡಿ," ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಕಾಗದ ಬಿಡಿಸಿ ಮತ್ತೆ ಅವರ ತೊಡೆಯ ಮೇಲಿಟ್ಟೆ.

"ನಿಧಾನವಾಗಿ ತಿನ್ನಿ ಚಿಕ್ಕಪ್ಪ," ಎಂದೆ. ಮಗಳು ನಮ್ಮಿಬ್ಬರನ್ನೂ ನೋಡಿ, ಮತ್ತೆ ಕೂತಳು.