ಬಂತಾ ಮಾವ
ಮೊಬೈಲಿಗೆ ಸಿಗ್ನಲ್ ಸಿಗದಿದ್ದರೆ ನಮ್ಮ ಬೀದಿಯವರೆಲ್ಲ ಕರೆಯುವುದು ಬಂತಾ ಮಾವನನ್ನು. ಮೀನಿನ ಮುಳ್ಳಿನಂಥ ಆಂಟೆನಾ ಹೆಗಲಿಗೇರಿಸಿಕೊಂಡು, "ದಿಕ್ಕುದೆಸೆ ಇಲ್ಲದವನು ನಾನು, ಊರಿಗೆಲ್ಲ ದಿಕ್ಕು ತೋರಿಸ್ತೀನಿ ನೋಡಿ" ಎಂದು ನಗುತ್ತಲೇ ಬರುತ್ತಾನೆ. ತಾರಸಿಯ ಕಂಬಕ್ಕೆ ಅದನ್ನು ಕಟ್ಟಿ, ಮುನಿಸಿಕೊಂಡ ಮಗುವಿನ ಗಲ್ಲ ಹಿಡಿದು ತಿರುಗಿಸುವ ಹಾಗೆ, ದೂರದ ಟವರಿನತ್ತ ಕೂದಲೆಳೆಯಷ್ಟೇ ಹೊರಳಿಸುತ್ತಾನೆ. ಹೊರಳಿಸಿದಾಗಲೆಲ್ಲ ಬೀದಿಗೆ ಬೀದಿಯೇ ತಿರುಗಿ ನೋಡುವಂತೆ "ಬಂತಾ?" ಎಂದು ಕೂಗುತ್ತಾನೆ. ಹಿಂದೆಲ್ಲ ಕೆಳಗೆ ಫೋನ್ ಹಿಡಿದು ನಿಂತು, ಗೆರೆ ನೋಡಿ ಉತ್ತರ ಕೊಡುತ್ತಿದ್ದವಳು ಅವನ ಹೆಂಡತಿ. ಅವಳು ತೀರಿಕೊಂಡ ಮೇಲೆ ಆ ಕೆಲಸ ಆಯಾ ಮನೆಯವರ ಪಾಲಿಗೆ ಬಂತು. ಆದರೆ ಅವರು ಬಾಯಿ ತೆರೆಯುವ ಮೊದಲೇ ಇವನು ತಲೆಯಾಡಿಸಿ ಬೋಲ್ಟು ಬಿಗಿದಿರುತ್ತಾನೆ, ಒಮ್ಮೆಯೂ ತಪ್ಪಿದ್ದಿಲ್ಲ. ಕೈ ಪಳಗಿದೆ ಅನ್ನುತ್ತಾರೆ ಜನ. ನಾನೂ ಹಾಗೆಯೇ ಅಂದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ನಮ್ಮ ಮನೆಗೆ ಬಂದ. ಒಂಟಿ ಬಾಳು ನನ್ನದು. ಫೋನನ್ನು ಕೆಳಗೆ ಮೇಜಿನ ಮೇಲಿಟ್ಟು, ಅವನ ಏಣಿ ಹಿಡಿಯಲು ನಾನೂ ತಾರಸಿಗೆ ಹೋಗಿದ್ದೆ. ಅಭ್ಯಾಸಬಲದಿಂದ ಅವನು "ಬಂತಾ?" ಎಂದ. ಯಾರೂ ಇಲ್ಲದ ಮನೆಯೊಳಗಿಂದ ಹೆಂಗಸಿನ ದನಿಯೊಂದು ಹೇಳಿತು: "ಬಂತು ರೀ. ಹುಷಾರಾಗಿ ಇಳೀರಿ." ಏಣಿ ಹಿಡಿದುಕೊಂಡೇ ನಾನು ಮೆಟ್ಟಿಲಿನತ್ತ ತಿರುಗಿ ನೋಡಿದೆ. ಅವನು ಬೋಲ್ಟು ಬಿಗಿಯುವುದನ್ನು ಬಿಟ್ಟು, ಬಗ್ಗಿ ನನ್ನ ಮುಖವನ್ನೇ ನೋಡಿದ. "ನಿಮಗೂ ಕೇಳಿಸ್ತಾ?"